ಗಂಟೆ ಬಿದ್ದರೆ ಕುಡುಗೋಲು

ಕುಡುಗೋಲಿನ ಮೊನೆ ನನ್ನ ಗಂಟಲಿಗೆ ತಗುಲಿತ್ತು!

"ಅಳ್ಳಾಡುದ್ರೆ ಕೊಯ್ದಾಕ್ಬುಡ್ತೀನಿ," ಅಂದಳು ಗುರುಮಲ್ಲಮ್ಮ.

ನಾನು ಅಲ್ಲಾಡಲಿಲ್ಲ ಸ್ವಾಮಿ. ಹನ್ನೆರಡು ವರ್ಷ ಕಾನ್‌ಸ್ಟೇಬಲ್ ಆಗಿದ್ದವನಿಗೆ ಅಷ್ಟು ಬುದ್ಧಿ ಇರುತ್ತದೆ. ಕಣ್ಣು ಮಾತ್ರ ಕಂಬದ ಮೇಲಿತ್ತು. ಅವಳ ಗಂಡ ನೀಲಕಂಠಸ್ವಾಮಿಯನ್ನು ಅಲ್ಲಿ ಸೆಣಬಿನ ಹಗ್ಗದಲ್ಲಿ ಬಿಗಿದಿತ್ತು. ಬಾಯಿಗೆ ಟವೆಲ್. ಬೇಗೂರಿನ ಮಟಮಟ ಮಧ್ಯಾಹ್ನ, ಪಕ್ಕದ ಮನೆಯಲ್ಲಿ ರಾಗಿ ಬೀಸುವ ಸದ್ದು... ಇಲ್ಲಿ ಕೊಲೆ!

"ಪೊಲೀಸ್!" ಅಂತ ಕೂಗಿದೆ. ಸುಳ್ಳು. ಐವತ್ತನಾಲ್ಕನೇ ಇಸವಿಯಲ್ಲೇ ಕೆಲಸ ಬಿಟ್ಟು, ಚಾಮರಾಜನಗರದಲ್ಲಿ ಪ್ರೈವೇಟ್ ಎನ್‌ಕ್ವೈರಿ ಶುರು ಮಾಡಿದ್ದೆ.

ಆಗ ನೀಲಕಂಠಸ್ವಾಮಿ ಮುಷ್ಟಿಯಲ್ಲಿದ್ದ ಎತ್ತಿನ ಗಂಟೆಯನ್ನು ಕೈಬಿಟ್ಟ. ಠಣ್!

ಗುರುಮಲ್ಲಮ್ಮ ನನ್ನನ್ನು ಮರೆತೇಬಿಟ್ಟಳು. ಒಂದೇ ನೆಗೆತ, ಒಂದೇ ಏಟು... ಹಗ್ಗ ತುಂಡಾಗಿ ಬಿತ್ತು! ಟವೆಲ್ ಕಿತ್ತು, "ಉಸ್ರಾಡಿ... ನೋವಾಯ್ತಾ?" ಅಂತ ಗಂಡನ ಬೆರಳು ತಿಕ್ಕತೊಡಗಿದಳು.

"ಬಾಗ್ಲು ತಟ್ಟಿ ಬರಾಕಾಗಲ್ವೇನಯ್ಯಾ?" ಅಂತ ನನ್ನನ್ನೇ ಗದರಿಸಿದ ಅವನು.

ತಲೆ ಕೆಟ್ಟಿತು. "ನಿನ್ನ ಯಾರಯ್ಯಾ ಕಟ್ಟಾಕಿದ್ದು?"

"ಇವ್ಳೇ. ನಾನೇ ಕಟ್ಟು ಅಂದೆ."

"ಯಾಕೆ?"

"ಸುಕ ಕಣಯ್ಯಾ!" ಅವನಿಗೆ ನಾಚಿಕೆ. ಅವಳಿಗಿರಲಿಲ್ಲ. "ಇಬ್ರುಗೂವೆ," ಅಂದಳು.

ಆಮೇಲೆ ಕಾನೂನು ಹೇಳಿದಳು. ಕುತ್ತಿಗೆಗೆ ಹಗ್ಗ ತಾಕುವಂತಿಲ್ಲ. ಕಟ್ಟಿನ ಸಂದಿಗೆ ಎರಡು ಬೆರಳು ಹೋಗಬೇಕು. ಬಾಯಿ ಕಟ್ಟಿದರೆ ಕೈಗೆ ಗಂಟೆ. ಗಂಟೆ ಬಿತ್ತೋ, ಕುಡುಗೋಲು ಹಗ್ಗದ ಮೇಲೆ ಬೀಳಲೇಬೇಕು! ಆರು ವರ್ಷದಲ್ಲಿ ಒಮ್ಮೆಯೂ ತಡವಾಗಿಲ್ಲವಂತೆ. ನಾನಿದ್ದ ಠಾಣೆಯಲ್ಲೂ ಹಗ್ಗವಿತ್ತು ಸ್ವಾಮಿ. ಗಂಟೆಯನ್ನು ಮಾತ್ರ ನಾವು ಯಾರ ಕೈಗೂ ಕೊಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು.

"ನಿನ್ನ ಕಳ್ಸಿದ್ದು ಯಾರು?" ಅಂದಳು.

"ನಿಮ್ಮ ಬಾವ. ಪುಟ್ಟಮಲ್ಲಪ್ಪ."

ಇಬ್ಬರೂ ಬಿಳಿಚಿಕೊಂಡರು. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಸಿ ಆ ಮನುಷ್ಯ ಹೇಳಿದ್ದ: "ತಮ್ಮನ ಕೈಲಿ ಹಗ್ಗದ ಬರೆ ಅವೆ. ಎಂಡ್ರೇ ಕೊಲ್ತಾವ್ಳೆ! ಇಂಬಾಗ್ಲಿಂದ ನುಗ್ಗಿ ನೋಡು. ಊರ ಯಜಮಾನ್ರ ಕರ್ಕಂಡು ನಿನ್ ಇಂದೇನೇ ಬತ್ತೀನಿ, ಸಾಕ್ಷಿ ಯೋಳು."

ಬೀದಿಯಲ್ಲಿ ಮೆಟ್ಟಿನ ಸದ್ದು. ಒಬ್ಬರದಲ್ಲ... ಐದಾರು ಜನ!

"ಇವ್ಳ ಊರು ಬುಡುಸ್ತಾರೆ. ಆಮೇಕೆ ನನ್ನೂ ತಲೆಕೆಟ್ಟೋನು ಅಂತ ತಳ್ಳಿ ಅಣ್ಣ ಮನೆ ನುಂಗ್ತಾನೆ," ನೀಲಕಂಠಸ್ವಾಮಿ ಅತ್ತೇಬಿಟ್ಟ. ಹಗ್ಗ ನೆಲದ ಮೇಲೆ, ಬರೆ ಕೈಮೇಲೆ. ನಿಜ ಹೇಳಿದರೆ ಊರು ನಕ್ಕೀತು, ನಂಬದು.

"ಕಳ್ಳ ಬೇಕು," ಅಂದೆ. "ಹಿಂಬಾಗ್ಲು ಮುರಿದವನು ನಾನೇ. ಕಟ್ಟಿ!"

ಅವಳು ಇನ್ನೊಂದು ಹಗ್ಗ ತಂದಳು, ಕಟ್ಟಲಿಲ್ಲ. "ಬಾಯ್ಬುಟ್ಟು ಯೋಳು. ಒಪ್ಗೆನಾ?"

ಬಾಗಿಲು ಧಡಧಡ ಅನ್ನುತ್ತಿದೆ, ಇವಳಿಗೆ ಒಪ್ಪಿಗೆಯ ಚಿಂತೆ!

"ಒಪ್ಗೆ ಕಣಮ್ಮಾ!"

"ಇದು ಎಳುದ್ರೆ ಬಿಚ್ಕಳೋ ಗಂಟು. ತುದಿ ನಿನ್ ಬೆರಳಾಗೇ ಅದೆ. ಸಾಕು ಅನ್ಸುದ್ರೆ ಎಳ್ಕೊ."

ಬಾಗಿಲು ತೆರೆಯಿತು. ಮುಂದೆ ನುಗ್ಗಿದ ಪುಟ್ಟಮಲ್ಲಪ್ಪ ಗಕ್ಕನೆ ನಿಂತ. ಸಾಕ್ಷಿಗೆಂದು ಕಳಿಸಿದವನು ಕಂಬದಲ್ಲಿದ್ದ!

"ಕಳ್ಳ, ಬಾವ. ಇವ್ರೂ ಅವ್ನೂ ಗುದ್ದಾಡಿ ಕೈಯೆಲ್ಲ ತರ್ಚೋಯ್ತು," ಅಂದಳು ಗುರುಮಲ್ಲಮ್ಮ.

ಹಿರಿಯ ಯಜಮಾನರು ಕೇಳಿದರು: "ಇವ್ನ ಗುರ್ತದಾ ಪುಟ್ಟಮಲ್ಲಪ್ಪಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗುರುತಿದೆ ಅಂದರೆ, ತಮ್ಮನ ಬಾಗಿಲು ಮುರಿಸಿದವನು ತಾನೇ ಎಂದಾಗುತ್ತದೆ! ಬೆವರು ಒರೆಸಿಕೊಂಡ. "ಕಂಡೇ ಇಲ್ಲ!" ಅಂದವನೇ ನನ್ನ ಕೆನ್ನೆಗೆ ಬಾರಿಸಿದ. ಒಂದು... ಎರಡು... ಮೂರು... ಹಲ್ಲು ಅಲುಗಿತು. ನಾನು ತುದಿ ಎಳೆಯಲಿಲ್ಲ.

ಅಂದು ಆ ಮನೆಯಲ್ಲಿ ಕೇಳದೆ ಕೈ ಮಾಡಿದವನು ಅವನೊಬ್ಬನೇ. ಯಜಮಾನರು ಬೆನ್ನು ತಟ್ಟಿ, ಮರ್ಯಾದಸ್ಥ ಅಂದದ್ದೂ ಅವನೊಬ್ಬನನ್ನೇ!