ಶಾಲು ಹೊದ್ದು ಒಂದು ಸುತ್ತು

ಗೇಟಿನಲ್ಲಿ ನಿಂತು ಪನ್ನೀರು ಚಿಮುಕಿಸುವುದು ನನ್ನ ಕೆಲಸವಲ್ಲ. ಅದು ಒಂಬತ್ತನೇ ಕ್ಲಾಸಿನ ಹುಡುಗಿಯರದು. ಆದರೂ ಆವತ್ತು ಬೆಳಿಗ್ಗೆ ಒಬ್ಬಳ ಕೈಯಿಂದ ಪನ್ನೀರುದಾನಿ ಕಿತ್ತುಕೊಂಡು ನಾನೇ ನಿಂತಿದ್ದೆ. ಸತ್ಯಮಂಗಲದ ಬಸ್ಸು ಬರುವ ಹೊತ್ತಾಗಿತ್ತು.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅದರೊಳಗಿಂದ ಮೊದಲು ಒಂದು ಬಿಳಿ ಶರ್ಟು ಕಂಡಿತು, ಆಮೇಲೆ ಶಿವಮಲ್ಲು ಕಂಡ. ರಸ್ತೆ ದಾಟುವಾಗ ಎಡಗಾಲನ್ನು ತುಸು ಜೋಪಾನವಾಗಿ ಊರುತ್ತಿದ್ದ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನೆಟ್ಟಗೆ ನಡೆಯತೊಡಗಿದ. ಜಂಬಕ್ಕೇನೂ ಕಮ್ಮಿಯಿಲ್ಲ.

ಹತ್ತಿರ ಬಂದವನ ಮೇಲೆ ನಾನು ಪನ್ನೀರು ಚಿಮುಕಿಸಲಿಲ್ಲ, ಸುರಿದೆ ಎನ್ನಬೇಕು. ಶರ್ಟಿನ ಕಾಲರು ತೋಯ್ದು ಕುತ್ತಿಗೆಗೆ ಅಂಟಿಕೊಂಡಿತು.

"ಸ್ವಾಗತ ಮಾಡ್ತಾ ಇದ್ದೀಯೋ, ಮೀಯಿಸ್ತಾ ಇದ್ದೀಯೋ?" ಎಂದ.

"ಮೂರು ವರ್ಸ ಬರ್ದೆ ಇದ್ದೋನ್ಗೆ ಇಷ್ಟಾರೂ ಬ್ಯಾಡ್ವಾ?"

ಅವನು ನಗಲಿಲ್ಲ. ಕಣ್ಣು ನನ್ನನ್ನು ದಾಟಿ ಮೈದಾನದ ಕಡೆ ಹೋಯಿತು. "ಸುತ್ತು ಇಲ್ಲ ತಾನೆ, ಮಮತ?"

"ಇಲ್ಲ ಕಣ್ಲಾ. ನಾನೇ ಮಾತು ಕೊಟ್ಟಿವ್ನಲ್ಲ."

ಆಗ ನನ್ನ ಇನ್ನೊಂದು ಕೈಯಲ್ಲಿದ್ದ ತಟ್ಟೆಯಿಂದ ಒಂದು ಚೂರು ಕಲ್ಲುಸಕ್ಕರೆ ಎತ್ತಿ ಬಾಯಿಗೆ ಹಾಕಿಕೊಂಡ. ಒಂದೇ ಚೂರು ಸಾಲದೆಂದು ಇನ್ನೊಂದನ್ನೂ ತೆಗೆದುಕೊಂಡು, ನನ್ನ ಮುಖವನ್ನೇ ನೋಡುತ್ತ ನಕ್ಕ. ಆ ನಗು ನೋಡಿ ನನಗೆ ತಟ್ಟೆ ಹಿಡಿದಿದ್ದೇನೆ ಎಂಬುದೇ ಮರೆತುಹೋಯಿತು. ಹಿಂದೆ ನಿಂತಿದ್ದ ಹುಡುಗಿ ಬಂದು ಅದನ್ನು ಮೆಲ್ಲಗೆ ತನ್ನ ಕೈಗೆ ತೆಗೆದುಕೊಂಡಳು.

ಮಾತು ಕನ್ನಡವಾದರೂ ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟದ ಈ ಹೈಸ್ಕೂಲಿನಲ್ಲಿ ವರ್ಷಕ್ಕೊಮ್ಮೆ, ಹೆಸರು ಮಾಡಿದ ಹಳೇ ವಿದ್ಯಾರ್ಥಿಗಳನ್ನು ಕರೆಸಿ ಪೊನ್ನಾಡೆ ಹೊದಿಸುತ್ತೇವೆ. ಪೊನ್ನಾಡೆ ಎಂದರೆ ಜರಿ ಅಂಚಿನ ಶಾಲು. ಮಾತು ತಮಿಳಿನದು, ಬೆಟ್ಟ ಹತ್ತಿ ಬಂದು ನಮ್ಮದೇ ಆಗಿಬಿಟ್ಟಿದೆ. ಓದಿ ಮೇಲೆ ಬಂದವರಾದರೆ ಶಾಲು ಹೊದ್ದು ನಾಲ್ಕು ಮಾತಾಡಿ ಕೂರಬಹುದು. ಆಟಗಾರರಿಗೆ ಅಷ್ಟು ಸಲೀಸಿಲ್ಲ. ಶಾಲು ಹೊದ್ದಂತೆಯೇ ಮೈದಾನವನ್ನು ಒಂದು ಸುತ್ತು ಓಡಬೇಕು, ಮಕ್ಕಳೆಲ್ಲ ಕಿರುಚುತ್ತ ಹಿಂದೆ ಓಡುತ್ತವೆ. ಇದನ್ನು ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ಊರಿನವರಿಗಂತೂ ಶಾಲಿಗಿಂತ ಆ ಸುತ್ತೇ ಮುಖ್ಯ, ಹೊಲದ ಕೆಲಸ ಬಿಟ್ಟು ಬರುವುದೇ ಅದಕ್ಕೆ.

ಶಿವಮಲ್ಲು ನಮ್ಮ ಶಾಲೆಯ ಓಟಗಾರ, ನನ್ನ ಕ್ಲಾಸ್‌ಮೇಟು. ಓಟದಿಂದಲೇ ಈರೋಡಿನಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು. ಮೂರು ವರ್ಷದ ಹಿಂದೆ ಮಂಡಿಗೆ ಪೆಟ್ಟಾಗಿ ಆಪರೇಷನ್ ಆಯಿತು. ಅಲ್ಲಿಂದಾಚೆಗೆ ಶಾಲೆಯವರು ಕರೆದಾಗಲೆಲ್ಲ ಡ್ಯೂಟಿ ಎಂದು ತಪ್ಪಿಸಿಕೊಳ್ಳುತ್ತಿದ್ದ. ನನಗೆ ಗೊತ್ತಿತ್ತು, ಅವನಿಗೆ ಆ ಸುತ್ತಿನ ಭಯ. ಈ ಸಲ ನಾನೇ ಫೋನ್ ಮಾಡಿ, ಸುತ್ತು ಓಡಿಸುವುದಿಲ್ಲ ಎಂದು ಆಣೆಯಿಟ್ಟು ಒಪ್ಪಿಸಿದ್ದೆ. ಒಪ್ಪಿದವನು ಅದೇ ಫೋನಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ. ಓಟ ಬಿಟ್ಟಾಯಿತು, ಕಾರ್ಯಕ್ರಮ ಆದ ಮುಂದಿನ ವಾರ ಓಟದ ಕೋಚ್ ಆಗುವ ಟ್ರೈನಿಂಗಿಗೆ ಪಂಜಾಬಿಗೆ ಹೋಗುತ್ತಾನೆ, ಒಂದು ವರ್ಷ, ಆಮೇಲೆ ಯಾವ ಊರಿಗೆ ಹಾಕುತ್ತಾರೋ ಹಾಕಲಿ ಎಂದ.

ಹತ್ತನೇ ಕ್ಲಾಸಿನಿಂದಲೂ ಅವನ ಮೇಲೆ ಮನಸ್ಸಿಟ್ಟವಳು ನಾನು. ಒಂದು ದಿನವೂ ಹೇಳಿರಲಿಲ್ಲ. ಈಗ ಇದೇ ಶಾಲೆಯಲ್ಲಿ ಟೀಚರ್, ಎಲ್ಲ ಕಾರ್ಯಕ್ರಮದ ಮೈಕೂ ನನ್ನದೇ, ಕನ್ನಡದಲ್ಲೂ ತಮಿಳಿನಲ್ಲೂ ಪಟಪಟನೆ ಮಾತಾಡುತ್ತೇನೆ. ಆ ಒಂದು ಮಾತು ಮಾತ್ರ ಎರಡು ಭಾಷೆಯಲ್ಲೂ ಬಾಯಿಗೆ ಬರುತ್ತಿರಲಿಲ್ಲ. ಸಂಜೆ ಅವನು ಬಸ್ಸು ಹತ್ತುವ ಮೊದಲು ಹೇಳಿಬಿಡಬೇಕು, ಆಗದಿದ್ದರೆ ಇನ್ನು ಅವನ ಯೋಚನೆಯನ್ನೇ ಬಿಡಬೇಕು ಎಂದು ನನಗೆ ನಾನೇ ತಾಕೀತು ಮಾಡಿಕೊಂಡಿದ್ದೆ.

ಪೆಂಡಾಲಿನಲ್ಲಿ ಜನ ತುಂಬಿದರು. ವೇದಿಕೆಯ ಮೇಲೆ ಶಿವಮಲ್ಲು, ಪಕ್ಕದಲ್ಲಿ ಕೊಯಮತ್ತೂರಿನ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿರುವ ಶಿವನಂಜಮ್ಮ. ಮುಖ್ಯ ಅತಿಥಿಯ ಕುರ್ಚಿ ಮಾತ್ರ ಖಾಲಿ. ಹೆಡ್‌ಮಾಸ್ಟರ್ ಸೆಲ್ವರಾಜ್ ಸರ್ ಫೋನ್ ಕಿವಿಗಿಟ್ಟುಕೊಂಡೇ ನನ್ನ ಹತ್ತಿರ ಬಂದರು.

"ಟೀಚರ್, ಗೆಸ್ಟು ಆಸನೂರ್ ಅತ್ರ ಸಿಕ್ಕಾಕೊಂಡವ್ರೆ. ಆನೆ ಕಬ್ಬಿನ ಲಾರಿ ತಡೆದು ನಿಂತದಂತೆ. ಲಾರಿ ಮುಂದುಕ್ ಓಗಲ್ಲ, ಆನೆ ಇಂದುಕ್ ಓಗಲ್ಲ. ನೀವು ಮೈಕ್ ಬುಡಬ್ಯಾಡಿ. ಮೈಕ್ ಸುಮ್ಕಾದ್ರೆ ಜನ ಒಲದ ಕಡೆ ಎದ್ದೋಯ್ತಾರೆ."

"ಏನ್ ಮಾತಾಡ್ಲಿ ಸಾರ್?"

"ಇವ್ರಿಬ್ರ ಸಾದನೆ ಯೋಳಿ. ಆನೆ ಓಗಗಂಟ ಯೋಳಿ."

ಶಿವನಂಜಮ್ಮನವರ ಬಗ್ಗೆ ಬರೆದುಕೊಂಡಿದ್ದೆ. ಎಳೆದು ಎಳೆದು ಹೇಳಿದೆ, ತಮಿಳಿನಲ್ಲಿ ಮತ್ತೊಮ್ಮೆ ಹೇಳಿದೆ. ಆನೆ ಕದಲಲಿಲ್ಲ. ಇನ್ನು ಉಳಿದವನು ಶಿವಮಲ್ಲು. ಅವನ ಬಗ್ಗೆ ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ಬರೆಯಲು ಕೂತಾಗಲೆಲ್ಲ ಹೆಸರು ಬರೆದು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದೆ.

"ನಮ್ಮ ಹೆಮ್ಮೆಯ ಓಟಗಾರರಾದ ಶಿವಮಲ್ಲು ಅವರು," ಎಂದು ಶುರು ಮಾಡಿದೆ, "ದಿನಾ ಬೆಳಿಗ್ಗೆ ಮಂಜಿನಲ್ಲೇ ತಾಳಮಲೆ ರಸ್ತೆಯಲ್ಲಿ ಓಡುತ್ತಿದ್ದರು. ನಮ್ಮ ಮನೆ ಮುಂದೆಯೇ ಹೋಗುತ್ತಿದ್ದರು. ಯಾವಾಗಲೂ ಒಂದು ಹಸಿರು ಬನಿಯನ್ನು. ಅದು ಮಾಸಿ ಬೂದು ಬಣ್ಣಕ್ಕೆ ತಿರುಗಿದರೂ ಬಿಡಲಿಲ್ಲ."

ಜನ ನಕ್ಕರು. ನನಗೆ ಹುರುಪು ಬಂತು. ನಕ್ಕರೆ ಯಾರೂ ಎದ್ದು ಹೋಗುವುದಿಲ್ಲವಲ್ಲ.

"ಓಟಕ್ಕೆ ಮೊದಲು ಎಡಗಾಲಿನ ಲೇಸನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಾರೆ. ಬಲಗಾಲಿಗೆ ಆ ಯೋಗ ಇಲ್ಲ. ವಿಸಲ್ ಊದುವ ಮುಂಚೆ ಕಿವಿ ಮುಟ್ಟಿಕೊಳ್ಳುತ್ತಾರೆ. ಸೋತ ದಿನ ಯಾರ ಹತ್ತಿರವೂ ಮಾತಿಲ್ಲ. ಆ ಚೆಂಡುಹೂವಿನ ಹೊಲದ ಬದುವಿನ ಮೇಲೆ ಕೂತು ಹಾಡು ಗುನುಗ್ತಾನೆ. ರಾಗ ಒಂದೂ ಸರಿ ಇರಲ್ಲ, ಆದ್ರೂ ಕೇಳ್ತಾ ಇರೋಣ ಅನ್ಸುತ್ತೆ. ಗೆದ್ದ ದಿನ ಸೀಬೆಹಣ್ಣು ತಂದು ಎಲ್ರಿಗೂ ಹಂಚ್ತಾನೆ, ದೊಡ್ಡದನ್ನ ಕೊನೆಗೆ ಉಳಿಸ್ಕೋತಾನೆ. ಸ್ಕೂಲಿನಲ್ಲಿದ್ದಾಗ ಗೋಬಿ ಊರಲ್ಲಿ ನಡೆದ ಜಿಲ್ಲಾ ಮೀಟಲ್ಲಿ ಎಲ್ಲರಿಗಿಂತ ಮುಂದಿದ್ದವನು ಗೆರೆ ಹತ್ತಿರ ಬಂದಾಗ ತಿರುಗಿ ನೋಡ್ಬಿಟ್ಟ. ಎರಡನೇ ಸ್ಥಾನ ಬಂತು. ಯಾಕೆ ತಿರುಗಿದ ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಆ ದಿನ ರಾತ್ರಿ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಮಲಗಿದ್ದ, ಕೂದಲೆಲ್ಲ ಗಾಳಿಗೆ ಹಾರ್ತಿತ್ತು..."

ಪೆಂಡಾಲು ಸದ್ದಿಲ್ಲದೆ ಕೂತಿತ್ತು. ಹೆಂಗಸರ ಕಡೆ ಸೆರಗುಗಳು ಒಂದೊಂದಾಗಿ ಬಾಯಿಗೆ ಹೋಗುತ್ತಿದ್ದವು. 'ಅವರು' ಯಾವಾಗ 'ಅವನು' ಆದನೋ ನನಗೇ ತಿಳಿದಿರಲಿಲ್ಲ.

ಮುಂದಿನ ಸಾಲಿನಲ್ಲಿ ಶಿವಮಲ್ಲುವಿನ ಅಜ್ಜಿ ಚಿಕ್ಕತಾಯಮ್ಮ ಕೂತಿದ್ದರು. ಕಿವಿ ಮಂದ, ಹಾಗಾಗಿ ಮಾತೂ ಜೋರು.

"ಅಲ್ಲ ಕಣಮ್ಮಿ," ಎಂದರು, "ಸಾಕ್ದೋಳು ನಾನು. ನಂಗೇ ಇಷ್ಟೆಲ್ಲ ಗೊತ್ತಿಲ್ವಲ್ಲವ್ವ."

ಇಡೀ ಪೆಂಡಾಲು ಹೋ ಎಂದು ನಕ್ಕಿತು. ನನಗೆ ಮೈಕನ್ನು ಎಲ್ಲಿ ಇಡಬೇಕು, ಕೈಯನ್ನು ಎಲ್ಲಿ ಬಚ್ಚಿಡಬೇಕು ಒಂದೂ ತೋಚಲಿಲ್ಲ. ವೇದಿಕೆಯ ಮೇಲೆ ಅವನು ತಲೆ ಬಗ್ಗಿಸಿ ಕೂತಿದ್ದ, ಕಿವಿಯೆರಡೂ ಕೆಂಪಗಾಗಿದ್ದವು. ನಗುತ್ತಿದ್ದಾನೋ, ನಾಚಿಕೆಯೋ, ಸಿಟ್ಟೋ ಕಾಣುತ್ತಿರಲಿಲ್ಲ. ನನಗಂತೂ ಆ ಆನೆಯ ಮೇಲೆ ಅಸಾಧ್ಯ ಕೋಪ ಬಂದಿತ್ತು.

ಸೆಲ್ವರಾಜ್ ಸರ್ ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಅತಿಥಿಗಳಿಗಾಗಿ ಕಾಯುವುದು ಬೇಡ, ಶಿವನಂಜಮ್ಮನವರೇ ಶಿವಮಲ್ಲುವಿಗೆ ಶಾಲು ಹೊದಿಸಲಿ ಎಂದರು. ಅವರು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಎಂದೂ ಬಾಯಿ ಬಿಡದ ಶಿವಮಲ್ಲು ತಾನಾಗಿಯೇ ಮೈಕಿನ ಹತ್ತಿರ ಬಂದ.

"ಟೀಚರ್ ಎಲ್ಲ ಸರಿಯಾಗೇ ಯೋಳುದ್ರು," ಎಂದ. "ಗೋಬಿಲಿ ಯಾಕ್ ತಿರುಗಿ ನೋಡ್ದೆ ಅನ್ನದು ಒಂದ್ ಮಾತ್ರ ಅವ್ರಿಗೆ ಗೊತ್ತಿಲ್ಲ. ನಮ್ಮೂರ್ ಕಡೆಯಿಂದ ಒಬ್ರು ನನ್ನೆಸ್ರು ಇಡ್ಕೊಂಡು ಕೂಗ್ತಾ ಇದ್ರು. ಅದ್ನ ಕೇಳ್ಕೊಂಡೇ ಓಡ್ತಿದ್ದೆ. ಗೆರೆ ಅತ್ರ ಬಂದಾಗ ಕೂಗು ನಿಂತೋಯ್ತು. ಏನಾಯ್ತೋ ಅಂತ ತಿರುಗ್ದೆ."

ಕೂಗುತ್ತಿದ್ದವಳು ನಾನೇ. ಅವನು ಗೆದ್ದೇಬಿಟ್ಟ ಎಂದು ಅಳು ಉಕ್ಕಿ, ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಿದ್ದೆ. ಇಷ್ಟು ವರ್ಷ ಅವನು ಅದನ್ನು ಒಳಗಿಟ್ಟುಕೊಂಡಿದ್ದ.

"ಇನ್ನೊಂದು ಮಾತು. ನನ್ ಮಂಡಿ ಓಗ್ಬುಟ್ಟದೆ, ಸುತ್ತು ಓಡಕಾಗಲ್ಲ. ಅದ್ನ ಯೋಳಕ್ ನಾಚ್ಕೆ ಆಗಿ ಮೂರು ವರ್ಸ ಬರ್ನಿಲ್ಲ. ಇವತ್ತು ನಡೀತೀನಿ." ಶಾಲನ್ನು ಭುಜಕ್ಕೆ ಏರಿಸಿಕೊಂಡ. "ಜೊತೇಲಿ ಟೀಚರ್ ಬತ್ತಾರಾ ಕೇಳಿ."

ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಶಿವನಂಜಮ್ಮನವರು ನನ್ನ ಬೆನ್ನಿಗೆ ಕೈಯಿಟ್ಟು ಮೆಟ್ಟಿಲಿನ ಕಡೆ ತಳ್ಳಿದರು. ಹಿಂದೆ ಓಡಲು ಎದ್ದ ಮಕ್ಕಳನ್ನು ಸೆಲ್ವರಾಜ್ ಸರ್ ಕೋಲು ತೋರಿಸಿ ಕೂರಿಸಿದರು.

ಮೈದಾನದಲ್ಲಿ ನಾವಿಬ್ಬರೇ. ಮಂಜು ಹೋಗಿ ಎಳೆ ಬಿಸಿಲು ಬಂದಿತ್ತು. ಬೇಲಿಯಾಚೆ ಚೆಂಡುಹೂವಿನ ಹೊಲ ಉದ್ದಕ್ಕೂ ಹಳದಿ, ಅದರಾಚೆ ಬೆಟ್ಟ ನೀಲಿ. ಅವನ ಶಾಲಿನ ಜರಿ ಆಗಾಗ ನನ್ನ ತೋಳಿಗೆ ತಾಗುತ್ತಿತ್ತು. ಇಡೀ ಊರು ನಮ್ಮನ್ನು ನೋಡುತ್ತಿತ್ತು, ಒಬ್ಬರಿಗೂ ನಮ್ಮ ಮಾತು ಕೇಳಿಸುತ್ತಿರಲಿಲ್ಲ. ಇಷ್ಟು ಜನರ ಮುಂದೆ ಇಷ್ಟು ಏಕಾಂತ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

"ಎಲ್ರೂ ನೋಡ್ತಾವ್ರೆ," ಎಂದೆ.

"ನೋಡ್ಲಿ. ಓಟ ನೋಡಕ್ ಬಂದವ್ರೆ, ಏನಾರೂ ನೋಡ್ಬೇಕಲ್ಲ."

"ನೋಯ್ತದಾ?"

"ಒಸಿ." ಸ್ವಲ್ಪ ದೂರ ನಡೆದ ಮೇಲೆ ದನಿ ತಗ್ಗಿಸಿದ. "ಊರ್ಗೆಲ್ಲ ಯೋಳ್ಬುಟ್ಟೆ. ನಂಗ್ ಮಾತ್ರ ಯೋಳ್ನಿಲ್ಲ."

"ನೀನೂ ಅಲ್ಲೇ ಕೂತಿದ್ಯಲ್ಲ."

"ಅದು ಆನೆ ರಸ್ತೇಲಿ ನಿಂತದೆ ಅಂತ ಯೋಳಿದ್ದು. ಆನೆ ಓಗಿದ್ರೆ ನೀನು ಬಾಯ್ ಬುಡ್ತಿರ್ನಿಲ್ಲ."

ಅವನು ಹೇಳಿದ್ದು ನಿಜ. ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡೆ.

"ನೋಡು ಮಮತ," ಎಂದ. ದನಿಯಲ್ಲಿ ತಮಾಷೆ ಇರಲಿಲ್ಲ. "ನಾನಿನ್ನು ಓಡಲ್ಲ. ನೀನು ಇಷ್ಟು ವರ್ಸ ನೋಡಿದ್ದು ಓಡೋನ್ನ. ಓಡ್ದೆ ಇರೋನು ಬೇಕಾ ಅಂತ ಯೋಚ್ನೆ ಮಾಡು. ಆಮೇಲ್ ಯೋಳು. ನಂಗೇನ್ ಬೇಜಾರಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ನಿಂತುಬಿಟ್ಟೆ.

"ಮೈಕಲ್ಲಿ ಅಷ್ಟೊತ್ತು ಮಾತಾಡ್ದೆ. ನಿನ್ ಟೈಮಿಂಗ್ ಯೋಳುದ್ನಾ?"

"ಇಲ್ಲ."

"ಮೆಡಲ್ಲು ಎಷ್ಟು ಅಂತ ಯೋಳುದ್ನಾ?"

"ಇಲ್ಲ."

"ಲೇಸು ಯೋಳ್ದೆ. ಬನಿಯನ್ನು ಯೋಳ್ದೆ. ಆ ಕೆಟ್ಟ ರಾಗ ಯೋಳ್ದೆ. ನಾನು ಏನ್ ನೋಡ್ತಿದ್ದೆ ಅಂತ ಊರ್ಗೆಲ್ಲ ಗೊತ್ತಾಯ್ತು, ನಿಂಗೊಬ್ನಿಗೆ ಗೊತ್ತಾಗ್ನಿಲ್ವಾ?"

ಅವನು ನನ್ನನ್ನೇ ನೋಡಿದ. ರೆಪ್ಪೆ ಬಡಿಯುವುದನ್ನೂ ಮರೆತಂತೆ ನೋಡಿದ. ತುಟಿಯ ಒಂದು ಕೊನೆಯಲ್ಲಿ ನಗು ಹುಟ್ಟಿತು, ಅದು ಕಣ್ಣಿಗೆ ಏರುವುದನ್ನು ನಾನು ಕಣ್ಣಾರೆ ಕಂಡೆ. ಮತ್ತೆ ನಡೆಯತೊಡಗಿದ. ನಾನೂ ನಡೆದೆ. ಸಿಟ್ಟಿನಲ್ಲಿ ಬೇಕಾದ್ದೆಲ್ಲ ಹೇಳಿದ್ದೆ, ಹೇಳಬೇಕಾದ ಮಾತು ಇನ್ನೂ ಬಾಕಿ ಇತ್ತು.

ವೇದಿಕೆ ಹತ್ತಿರವಾಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು, ಆನೆ ಕೊನೆಗೂ ದಾರಿ ಬಿಟ್ಟಿತ್ತು. ಸೆಲ್ವರಾಜ್ ಸರ್ ಹಾರ ಹಿಡಿದುಕೊಂಡು ಗೇಟಿನತ್ತ ಓಡಿದರು. ಇನ್ನೇನು ಸುತ್ತು ಮುಗಿಯುತ್ತದೆ, ಭಾಷಣ, ಊಟ, ಆಮೇಲೆ ಅವನ ಬಸ್ಸು.

ಶಾಲಿನ ತುದಿ ಹಿಡಿದು ಎಳೆದೆ. "ಇನ್ನೊಂದ್ ಸುತ್ತು ನಡಿಯಕಾಯ್ತದಾ?"

"ಯಾಕೆ?"

"ಯೋಳಕ್ಕೆ."

ವೇದಿಕೆ ದಾಟಿ ಮುಂದೆ ನಡೆದೆವು. ಚಪ್ಪಾಳೆ ಅರ್ಧಕ್ಕೆ ನಿಂತಿತು. "ಅಯ್ಯೋ ಕೂಸುಗಳಾ, ಊಟ ಆರೋಯ್ತದೆ," ಎಂದು ಚಿಕ್ಕತಾಯಮ್ಮ ಕೂಗಿದರು. ನಾವು ತಿರುಗಿ ನೋಡಲಿಲ್ಲ.

ಆಚೆ ತಿರುವಿನಲ್ಲಿ, ಚೆಂಡುಹೂವಿನ ಹೊಲದ ಪಕ್ಕ, ನಾನು ಹೇಳಿದೆ. "ನೀನು ಬೇಕು ಕಣ್ಲಾ. ಓಡುದ್ರೂ ಬೇಕು, ಕುಂಟುದ್ರೂ ಬೇಕು. ನೀನು ಎಲ್ಲಿದ್ರೂ ಬೇಕು. ಪಂಜಾಬಿಂದ ಬರಗಂಟ ಇಲ್ಲೇ ಇರ್ತೀನಿ."

ಅವನು ನಡಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದ. ಕಣ್ಣು ತುಂಬಿತ್ತು.

"ಓಗಕ್ ಮುಂಚೆ ಅಜ್ಜಿನ ನಿಮ್ಮನೆಗೆ ಕಳಿಸ್ತೀನಿ." ಆಮೇಲೆ ಕೆನ್ನೆ ಒರೆಸಿಕೊಂಡು, "ಮೊದಲ್ನೇ ಸುತ್ತಲ್ಲೇ ಯೋಳಿದ್ರೆ ನನ್ ಮಂಡಿಗೆ ಒಸಿ ಪುಣ್ಯ ಬತ್ತಿತ್ತು," ಎಂದ.

"ಕೈ ಕೊಡು," ಎಂದೆ.

ಅವನು ಪೆಂಡಾಲಿನ ಕಡೆ ಒಮ್ಮೆ ನೋಡಿದ. ಅವನ ಓಟ ನೋಡಲು ಬಂದಿದ್ದ ಅಷ್ಟೂ ಜನ ಅಲ್ಲಿದ್ದರು. ನಂತರ ನೆಟ್ಟಗೆ ನಡೆಯುವುದನ್ನು ಬಿಟ್ಟು, ನನ್ನ ಭುಜದ ಮೇಲೆ ತನ್ನ ಪೂರ್ತಿ ಭಾರ ಹಾಕಿ, ಎಡಗಾಲು ಎಳೆಯುತ್ತ ಉಳಿದ ಸುತ್ತು ನಡೆದ.