ಹೆಸ್ಟರ್ ಬರೆದುಕೊಟ್ಟ ಭಾಷಣ

“ಈ ಮನೆಯ ಹೆಸರು ಇಟ್ಕೊಂಡಿದೀಯ, ಈ ಮನೆಯ ಬೆಂಕಿ ಕಾಯಿಸ್ಕೋತಾ ಇದೀಯ. ಒಂದೇ ಒಂದು ಮಧ್ಯಾಹ್ನ ಕಪ್ಪು ಬಟ್ಟೆ ಹಾಕ್ಕೊಂಡು ನನ್ನ ಪಕ್ಕದಲ್ಲಿ ಕೂತ್ಕೊಳ್ಳೋಕೆ ನಿನಗೆ ಆಗಲ್ವಾ, ಬ್ರಿಜಿಡ್?”

ಲೇಡಿ ಟ್ರಾಂಟ್ ಧ್ವನಿ ಏರಿಸಲಿಲ್ಲ. ಆಕೆ ಎಂದೂ ಏರಿಸಿದವಳಲ್ಲ. ಟೀ ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟು, ಸೊಸೆಯ ಮುಖವನ್ನೇ ನೋಡುತ್ತ ಕುಳಿತಳು. ಕಿಟಕಿಯ ಹೊರಗೆ ಡಬ್ಲಿನ್‌ನ ಫಿಟ್ಸ್‌ವಿಲಿಯಂ ಚೌಕದ ಮರಗಳು ಆಗತಾನೇ ಚಿಗುರಿದ್ದವು. ಒಳಗಿದ್ದ ನಾಲ್ವರಲ್ಲಿ ಯಾರಿಗೂ ಆ ಕಡೆ ಗಮನವಿರಲಿಲ್ಲ.

ಮಗಳು ಹೆಸ್ಟರ್ ಕೇಕಿನ ಮೇಲೆ ಇಟ್ಟ ಚಾಕುವನ್ನು ಅಲ್ಲೇ ಹಿಡಿದು ನಿಂತಳು. ಅಣ್ಣ ಡೆಸ್ಮಂಡ್ ಬೆಳಗಿನ ಹಡಗಿನಲ್ಲಿ ಲಂಡನ್ನಿನಿಂದ ಬಂದಿಳಿದಾಗಲೇ ಇಂಥದ್ದೇನೋ ಕಾದಿದೆಯೆಂದು ಅವಳ ಎದೆ ಹೇಳಿತ್ತು. ಪಾರ್ಲಿಮೆಂಟಿನ ಅಧಿವೇಶನ ಬಿಟ್ಟು, ಜರ್ಮನ್ ಸಬ್‌ಮರೀನುಗಳಿಗೆ ಹೆದರಿ ಲಾಂದ್ರ ಆರಿಸಿಕೊಂಡು ಬರುವ ಹಡಗು ಹತ್ತಿ ಆತ ಸುಮ್ಮನೆ ಬರುವವನಲ್ಲ. ಇಂಗ್ಲೆಂಡಿನಲ್ಲಿ ಆಗಲೇ ಜಾರಿಯಲ್ಲಿದ್ದ ಕಡ್ಡಾಯ ಸೈನ್ಯಸೇವೆಯ ಕಾನೂನನ್ನು ಐರ್ಲೆಂಡಿನ ಮೇಲೂ ಹೇರುವ ಮಸೂದೆ ಬರುತ್ತಿತ್ತು. ಅದರ ಪರವಾಗಿ ಡೆಸ್ಮಂಡ್ ಮಾತನಾಡಬೇಕು. ಮಾತು ಗೆದ್ದರೆ ಮಂತ್ರಿ ಪದವಿ ಕೈಗೆಟುಕುವಷ್ಟು ಹತ್ತಿರ. ಸಭೆ ಕರಗಬೇಕಾದರೆ ಯುದ್ಧದಲ್ಲಿ ಮಡಿದ ತಮ್ಮ ಲಯನೆಲ್‌ನ ಹೆಸರು ಬೇಕು. ಮೇಲೆ ಹೆಂಗಸರ ಗ್ಯಾಲರಿಯಲ್ಲಿ ಲಯನೆಲ್‌ನ ತಾಯಿ ಮತ್ತು ಹೆಂಡತಿ ಕಪ್ಪುಟ್ಟು ಕುಳಿತಿರಬೇಕು!

“ಬರೋಕಾಗಲ್ಲ,” ಎಂದಳು ಬ್ರಿಜಿಡ್. ಅವಳ ತುಟಿ ಬಿಳಿಚಿಕೊಂಡಿತ್ತು. “ಕೆರಿಯಲ್ಲಿ, ನಮ್ಮೂರಲ್ಲಿ, ನನ್ನ ತಮ್ಮ ಕಾಹಲ್ ಇದಾನೆ. ಈಗಿನ್ನೂ ಮೀಸೆ ಮೂಡ್ತಾ ಇದೆ. ನನ್ನ ಗಂಡನ್ನ ತಿಂದ ಬಾಯಿಗೆ ನನ್ನ ತಮ್ಮನನ್ನೂ ಹಾಕಿ ಅಂತ ಕೇಳೋಕೆ ನಾನೇ ಬಂದು ಕೂತ್ಕೋಬೇಕಾ?”

“ನಿನ್ನ ಗಂಡ ನನ್ನ ತಮ್ಮನೂ ಹೌದು,” ಡೆಸ್ಮಂಡ್ ಗಂಟಲು ಸರಿಮಾಡಿಕೊಂಡ. “ದೇಶಕ್ಕೋಸ್ಕರ ಅವನು…”

“ಅವರು ಏನು ಹೇಳಿ ಹೋದ್ರು ಅಂತ ನಿಮಗೆ ಗೊತ್ತಿಲ್ಲ, ಡೆಸ್ಮಂಡ್. ಹೆಸ್ಟರ್‌ಗೆ ಗೊತ್ತು. ಕೇಳಿ ಅವಳನ್ನ!”

ಎಲ್ಲರ ಕಣ್ಣೂ ಹೆಸ್ಟರಳ ಮೇಲೆ ಬಿತ್ತು. ಕಡೆಯ ರಜೆ ಮುಗಿಸಿ ಹೊರಡುವ ದಿನ ಲಯನೆಲ್ ಹಿತ್ತಲಿನ ಬೆಂಚಿನ ಮೇಲೆ ಹೆಂಡತಿಯನ್ನು ಒಂದು ಕಡೆ, ಅಕ್ಕನನ್ನು ಇನ್ನೊಂದು ಕಡೆ ಕೂರಿಸಿಕೊಂಡು ಹೇಳಿದ್ದ: “ನಾನು ವಾಪಸ್ ಬರದೇ ಹೋದ್ರೆ, ನನ್ನ ಹೆಸರು ಹೇಳಿ ಇನ್ನೊಬ್ಬ ಹುಡುಗನನ್ನ ಅಲ್ಲಿಗೆ ಅಟ್ಟೋಕೆ ಯಾರಿಗೂ ಬಿಡಬೇಡಿ. ಮುಖ್ಯವಾಗಿ ಡೆಸ್ಮಂಡ್‌ಗೆ.” ಗ್ರೀಕ್ ಕಾವ್ಯ ಪಾಠ ಹೇಳುತ್ತಿದ್ದವನ ಆ ತೆಳು ಬೆರಳುಗಳನ್ನು ಹಿಡಿದು ಹೆಸ್ಟರ್ ಮಾತು ಕೊಟ್ಟಿದ್ದಳು.

“ಹೌದು,” ಎಂದಳು ಹೆಸ್ಟರ್. “ಬೇಡ ಅಂದಿದ್ದ. ಈ ಭಾಷಣ ನಾನು ಬರೆದುಕೊಡಲ್ಲ, ಡೆಸ್ಮಂಡ್.”

ಡೆಸ್ಮಂಡ್‌ನ ಮುಖ ಇಳಿದುಹೋಯಿತು. ಪಾರ್ಲಿಮೆಂಟಿನಲ್ಲಿ ಟ್ರಾಂಟರ ಮಾತೆಂದರೆ ಮಾತು ಎಂದು ಹೆಸರಿತ್ತು. ತೀರಿಕೊಂಡ ತಂದೆ ಸರ್ ಆಂಬ್ರೋಸ್ ಚರಿತ್ರೆ ಬರೆದವರು, ಮಾತಿನಿಂದಲೇ ಸರ್ಕಾರ ಅಲುಗಾಡಿಸಿದವರು. ಆದರೆ ಮಗನಿಗೆ ತಂದೆಯಿಂದ ಬಂದದ್ದು ಗಂಟಲು ಮಾತ್ರ. ಮಾತು ಬಂದದ್ದು ಮದುವೆಯಿಲ್ಲದೆ ಮನೆಯಲ್ಲೇ ಉಳಿದ ಮಗಳಿಗೆ. ಹೆಸ್ಟರ್ ಬರೆದದ್ದನ್ನು ಕನ್ನಡಿಯ ಮುಂದೆ ಬಾಯಿಪಾಠ ಮಾಡಿಕೊಂಡು ಹೋಗಿ ಆತ ಚಪ್ಪಾಳೆ ಗಿಟ್ಟಿಸುತ್ತಿದ್ದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಧ್ವನಿ ತಗ್ಗಿಸಬೇಕು ಎಂಬುದನ್ನೂ ಅವಳೇ ಕಲಿಸಬೇಕಿತ್ತು.

ಲೇಡಿ ಟ್ರಾಂಟ್ ಮಗಳನ್ನು ನೋಡಲೇ ಇಲ್ಲ. ಸೊಸೆಯ ಕಡೆಗೇ ತಿರುಗಿ ನಿಧಾನವಾಗಿ ಹೇಳಿದಳು: “ಲಯನೆಲ್ ಹೋಗುವಾಗ ಮಗಳು ಮೇವ್‌ಗೆ ನನ್ನನ್ನೂ ಪೋಷಕಿ ಮಾಡಿ ಹೋಗಿದಾನೆ. ನೆನಪಿದೆ ತಾನೇ? ನೀನು ಬರಲ್ಲ ಅಂದ್ರೆ ಬಲವಂತ ಇಲ್ಲಮ್ಮ. ಆದ್ರೆ ನಮ್ಮ ಮನೆಯ ಮಗು ಇಂಥ ಮಾತಿನ ನಡುವೆ ಬೆಳೆಯೋದು ಬೇಡ. ಈಸ್ಟರ್ ರಜೆ ಮುಗಿದ ಕೂಡಲೇ ಅವಳನ್ನ ಇಂಗ್ಲೆಂಡಿಗೆ, ನನ್ನ ತಂಗಿಯ ಮನೆಗೆ ಕಳಿಸ್ತೀನಿ. ಶಾಲೆ ಗೊತ್ತಾಗಿದೆ. ಬೇಕಾದ್ರೆ ಕೋರ್ಟಿಗೆ ಹೋಗು. ಡಬ್ಲಿನ್‌ನ ಯಾವ ಜಡ್ಜು ಕೆರಿಯ ಹೆಂಚುಗಾರನ ಮಗಳ ಮಾತು ಕೇಳ್ತಾನೋ ನೋಡೋಣ.”

“ಅಯ್ಯೋ!…” ಬ್ರಿಜಿಡ್ ಎದ್ದು ನಿಂತಳು. ಕೈಯಲ್ಲಿದ್ದ ಬಟ್ಟಲು ಜಾರಿ ನೆಲಹಾಸಿನ ಮೇಲೆ ಟೀ ಹರಡಿತು. “ಗಂಡನ್ನ ಕಿತ್ಕೊಂಡಿದ್ದಾಯ್ತು… ಈಗ ಮಗುವನ್ನೂನಾ? ನಿಮಗೂ ಒಬ್ಬಳು ಮಗಳಿದಾಳಲ್ಲ, ಅತ್ತೆ! ಅವಳನ್ನ ಯಾರಾದ್ರೂ ಹೀಗೆ…”

ಮಾತು ಮುಗಿಸಲಾಗದೆ ಅವಳು ಮೆಟ್ಟಿಲು ಹತ್ತಿ ಓಡಿದಳು. ಮಹಡಿಯ ಮೇಲಿನ ಕೋಣೆಯ ಬಾಗಿಲು ಬಡಿದುಕೊಂಡಿತು. ಆಮೇಲೆ ಏನೂ ಅರಿಯದ ಆರು ವರ್ಷದ ಮೇವ್‌ಳ ದನಿ ತೇಲಿ ಬಂತು: “ಅಮ್ಮಾ, ಯಾಕೆ ನನ್ನ ಇಷ್ಟು ಗಟ್ಟಿಯಾಗಿ ಹಿಡ್ಕೋತೀಯಾ? ಉಸಿರು ಕಟ್ಟತ್ತೆ…”

ಮರುದಿನ ಬೆಳಿಗ್ಗೆ ಲೇಡಿ ಟ್ರಾಂಟ್ ಗಂಡನ ಪುಸ್ತಕದ ಕೋಣೆಯಲ್ಲಿ ಒಬ್ಬಳೇ ಇದ್ದಾಗ ಹೆಸ್ಟರ್ ಒಳಗೆ ಬಂದು ಬಾಗಿಲು ಹಾಕಿದಳು. ಇಡೀ ರಾತ್ರಿ ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದರೂ ಧ್ವನಿ ಗಟ್ಟಿಯಾಗಿತ್ತು.

“ನಾನು ಬರೀತೀನಿ, ಅಮ್ಮಾ. ಇದುವರೆಗೆ ಬರೆದಿರದಂಥದ್ದು ಬರೀತೀನಿ. ಆದ್ರೆ ಒಂದು ಷರತ್ತು. ಇವತ್ತೇ ವಕೀಲರನ್ನ ಕರೆಸಿ. ಮೇವ್ ಮೇಲಿನ ನಿಮ್ಮ ಹಕ್ಕು ಪೂರ್ತಿ ಬ್ರಿಜಿಡ್‌ಗೆ ಬಿಟ್ಟುಕೊಡಿ.”

“ಹೆತ್ತ ತಾಯಿ ಹತ್ರ ಚೌಕಾಸಿ ಮಾಡ್ತೀಯಾ?”

“ಅಪ್ಪನ ಚುನಾವಣೆಗಳನ್ನೆಲ್ಲ ನಡೆಸಿದೋರು ನೀವು. ನಿಮ್ಮಿಂದ ಕಲಿತಿದ್ದೇ ಅಮ್ಮಾ.”

ಲೇಡಿ ಟ್ರಾಂಟ್ ತುಟಿ ಬಿಗಿದಳು. “ಆಗಲ್ಲ. ಆ ಮಗು ಲಯನೆಲ್ ಥರಾನೇ ನಗತ್ತೆ… ನನಗೆ ಉಳಿದಿರೋದು ಅದೊಂದೇ.”

“ಹಾಗಾದ್ರೆ ಡೆಸ್ಮಂಡ್ ತಾನೇ ಬರ್ಕೊಂಡು ಹೋಗಲಿ. ಅಪ್ಪ ನಿಂತು ಮಾತಾಡಿದ ಜಾಗದಲ್ಲಿ ನಿಂತು ತಡವರಿಸಲಿ. ಇಡೀ ಪಾರ್ಲಿಮೆಂಟು ನಗಲಿ. ನೋಡೋಕೆ ನೀವು ಗ್ಯಾಲರಿಯಲ್ಲಿ ಇರ್ತೀರಲ್ಲ!”

ಬೆಂಕಿಗೂಡಿನಲ್ಲಿ ಕಲ್ಲಿದ್ದಲು ಕುಸಿದು ಸಿಡಿಯಿತು. ಒಂದು ಕಡೆ ಮೂರು ತಲೆಮಾರಿನ ಹೆಸರು. ಇನ್ನೊಂದು ಕಡೆ ಮಹಡಿಯ ಮೇಲೆ ಕುಣಿಯುತ್ತಿರುವ ಪುಟ್ಟ ಪಾದ. ಕೊನೆಗೆ ಆಕೆ ಕಣ್ಣು ಮುಚ್ಚಿ ತಲೆಯಾಡಿಸಿದಳು. ಗೆದ್ದದ್ದು ಹೆಸರು.

“ಇನ್ನೂ ಒಂದಿದೆ,” ಎಂದಳು ಹೆಸ್ಟರ್. “ಇದು ನಮ್ಮಿಬ್ಬರಲ್ಲೇ ಇರಬೇಕು. ನೀವಾಗಿ ನೀವೇ ಮನಸ್ಸು ಕರಗಿ ಬಿಟ್ಟುಕೊಟ್ರಿ ಅಂತ ಬ್ರಿಜಿಡ್ ತಿಳೀಬೇಕು.”

“ಯಾಕೆ? ನೀನು ಉಳಿಸಿಕೊಟ್ಟೆ ಅಂತ ಗೊತ್ತಾದ್ರೆ ನಿನ್ನ ಕಾಲು ಮುಟ್ಟಿ ಅಳ್ತಾಳೆ.”

“ಇಲ್ಲಮ್ಮಾ. ಲಯನೆಲ್ ಮಾತನ್ನ ಮಾರಿ ಮಗಳನ್ನ ಕೊಂಡ್ಕೊಳ್ಳೋಳಲ್ಲ ಅವಳು. ಮಗು ಇಲ್ಲದೆ ಕೊರಗಿ ಸಾಯ್ತಾಳೆ, ಆದ್ರೆ ಒಪ್ಪಲ್ಲ.”

“ಭಾಷಣ ನಿನ್ನದು ಅಂತ ಅವಳಿಗೆ ಗೊತ್ತಾಗೇ ಆಗತ್ತೆ. ನಿನ್ನ ದ್ವೇಷ ಮಾಡ್ತಾಳೆ, ಹೆಸ್ಟರ್.”

“ಗೊತ್ತು,” ಎಂದಳು ಹೆಸ್ಟರ್. ತಾಯಿಯ ಮುಂದೆ ಅಳಬಾರದೆಂದು ಬೆನ್ನು ತಿರುಗಿಸಿ ಹೊರಟುಬಿಟ್ಟಳು.

ಸಂಜೆ ವಕೀಲರು ಬಂದು ಹೋದರು. ಬ್ರಿಜಿಡ್‌ಗೆ ನಂಬಲಾಗಲಿಲ್ಲ. ಅತ್ತೆಯ ಮುಂದೆ ಮಂಡಿಯೂರಿ ಆ ಒಣಗಿದ ಕೈಗೆ ಮುತ್ತಿಟ್ಟು, “ನಿಮ್ಮನ್ನ ಎಷ್ಟು ಕೆಟ್ಟವರು ಅಂದ್ಕೊಂಡಿದ್ದೆ… ಕ್ಷಮಿಸಿ, ಅತ್ತೆ, ಕ್ಷಮಿಸಿ!” ಎಂದು ಬಿಕ್ಕಿದಳು. ಲೇಡಿ ಟ್ರಾಂಟ್ ಕೈ ಎಳೆದುಕೊಂಡು ಕಿಟಕಿಯತ್ತ ನೋಡಿದಳು. ಬಾಗಿಲ ಬಳಿ ನಿಂತಿದ್ದ ಹೆಸ್ಟರ್ ಸದ್ದಿಲ್ಲದೆ ತನ್ನ ಕೋಣೆಗೆ ಹೋಗಿ ಮೇಜಿನ ಮುಂದೆ ಕುಳಿತಳು.

ಬರೆಯುವ ಮೊದಲು ಅವಳು ನಿರ್ಧರಿಸಿದ್ದಳು: ತಮ್ಮನ ಹೆಸರು ಬಂದರೆ ಒಂದೇ ಸಲ, ಅದೂ ಮೇಲುಮೇಲಕ್ಕೆ. ಆದರೆ ಲೇಖನಿ ಹಿಡಿದವಳ ಕೈ ಅವಳ ಮಾತನ್ನೇ ಕೇಳಲಿಲ್ಲ. ಸಭೆ ಕರಗಬೇಕಾದರೆ ಮನುಷ್ಯ ಕಣ್ಣಿಗೆ ಕಾಣಬೇಕು. ಮನುಷ್ಯ ಕಾಣಬೇಕಾದರೆ… ಬೂಟಿನ ಲಾಡಿ ಕಟ್ಟಿಕೊಳ್ಳುವಾಗ ಲಯನೆಲ್ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದ. ಹೊರಟ ದಿನ ಬೆಳಿಗ್ಗೆ ಸಿಳ್ಳೆ ಅರ್ಧಕ್ಕೆ ನಿಂತಿತು. ಅದು ಬ್ರಿಜಿಡ್ ಹೆಸ್ಟರಳ ಮಡಿಲಲ್ಲಿ ಮುಖವಿಟ್ಟು ಅತ್ತಾಗ ಹೇಳಿದ ಮಾತು. ಬೇರೆ ಯಾರಿಗೂ ಹೇಳಿದ್ದಲ್ಲ. ಬರೆದ ಮೇಲೆ ಆ ಸಾಲನ್ನು ಹೊಡೆದುಹಾಕಬೇಕೆಂದು ಹೆಸ್ಟರ್ ಎರಡು ಸಲ ಲೇಖನಿ ಎತ್ತಿದಳು. ಹೊಡೆದುಹಾಕಲಿಲ್ಲ. ಅದಷ್ಟು ಚೆನ್ನಾಗಿ ಬಂದಿತ್ತು!

ಲಂಡನ್ನಿನಲ್ಲಿ, ಹೆಂಗಸರ ಗ್ಯಾಲರಿಯಲ್ಲಿ ತಾಯಿಯ ಪಕ್ಕ ಅವಳೇ ಕುಳಿತಳು. ಕೆಳಗೆ ಅಣ್ಣ ಎದ್ದು ನಿಂತ. ಮೊದಲು ಐರಿಷ್ ಸದಸ್ಯರ ಕೂಗಾಟ. “ನಿನ್ನ ಮಗನನ್ನ ಕಳಿಸು ಮೊದಲು!” ಎಂದು ಯಾರೋ ಅರಚಿದ. ಡೆಸ್ಮಂಡ್‌ಗೆ ಮಕ್ಕಳಿರಲಿಲ್ಲ. ಅವನು ಧ್ವನಿ ತಗ್ಗಿಸಿ, ಕಲಿಸಿದ ಜಾಗದಲ್ಲಿ ಕಲಿಸಿದಷ್ಟೇ ತಡೆದು, ಸಿಳ್ಳೆಯ ಮಾತು ಹೇಳಿದ. ಗದ್ದಲ ಒಮ್ಮೆಗೇ ಅಡಗಿತು. ಮುದಿ ಸದಸ್ಯನೊಬ್ಬ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹೆಸ್ಟರಳ ಉಗುರು ಅಂಗೈಗೆ ಇಳಿದಿತ್ತು. ‘ಲಯನೆಲ್… ಲಯನೆಲ್… ಕೇಳಿಸ್ಕೋಬೇಡ ಕಣೋ!’ ಎಂದು ಅವಳ ಒಳಗೆ ಯಾರೋ ಕಿರುಚುತ್ತಿದ್ದರು. ಪಕ್ಕದಲ್ಲಿ ತಾಯಿಯ ಭುಜ ನಡುಗುತ್ತಿತ್ತು. ಆ ಸಿಳ್ಳೆಯ ವಿಷಯ ಆಕೆಗೂ ಆವತ್ತೇ ಗೊತ್ತಾದದ್ದು.

ಮಸೂದೆ ಅಂಗೀಕಾರವಾಯಿತು. ತಾಯಿ ಮಗಳು ಡಬ್ಲಿನ್‌ಗೆ ಮರಳುವ ಹೊತ್ತಿಗೆ ಭಾಷಣ ಪತ್ರಿಕೆಗಳಲ್ಲಿ ಅಚ್ಚಾಗಿ ಬಂದಾಗಿತ್ತು. ಹಜಾರದಲ್ಲಿ ಬ್ರಿಜಿಡ್‌ಳ ಎರಡು ಪೆಟ್ಟಿಗೆ ಕೆರಿಗೆ ಹೊರಡಲು ಸಿದ್ಧವಾಗಿದ್ದವು. ಅವಳು ಹ್ಯಾಟು ಹಾಕಿಕೊಂಡು, ಮೇವ್‌ಳ ಕೈ ಹಿಡಿದು ಇವರಿಗಾಗಿಯೇ ಕಾಯುತ್ತಿದ್ದಳು. ಆ ದಿನ ಭಾನುವಾರ. ಕಡ್ಡಾಯ ಸೈನ್ಯಸೇವೆಯ ವಿರುದ್ಧ ಪ್ರತಿಜ್ಞೆಗೆ ಸಹಿ ಹಾಕಲು ಇಗರ್ಜಿಗಳ ಮುಂದೆ ಜನ ಬೀದಿಯ ಉದ್ದಕ್ಕೂ ಸಾಲುಗಟ್ಟಿದ್ದರು. ತೆರೆದ ಬಾಗಿಲಿನಿಂದ ಅವರ ಗುಜುಗುಜು ಒಳಗೆ ಬರುತ್ತಿತ್ತು.

“ನಾನೂ ಸಹಿ ಹಾಕಿ ಬಂದೆ, ಹೆಸ್ಟರ್,” ಎಂದಳು ಬ್ರಿಜಿಡ್. ಕಣ್ಣಲ್ಲಿ ನೀರಿರಲಿಲ್ಲ. “ಒಂದೇ ಒಂದು ಕೇಳ್ತೀನಿ. ಆ ಸಿಳ್ಳೆ… ಅದು ಡೆಸ್ಮಂಡ್‌ಗೆ ಹೇಗೆ ಗೊತ್ತಾಯ್ತು?”

ಹೆಸ್ಟರ್ ತಲೆ ತಗ್ಗಿಸಿ ಕೈಗವಸು ಕಳಚತೊಡಗಿದಳು.

“ಈ ಮನೆಯಲ್ಲಿ ನನಗೆ ನೀನೊಬ್ಬಳಿದೀಯ ಅಂದ್ಕೊಂಡಿದ್ದೆ. ನನ್ನ ಕಥೆಗಳನ್ನ ಮೊದಲು ಓದ್ತಿದ್ದೋಳು ನೀನು. ನನ್ನ ಕಣ್ಣೀರನ್ನ ನಿನ್ನ ಕರ್ಚೀಫಲ್ಲಿ… ಥೂ! ಒರೆಸಿದ್ದಲ್ಲ, ಕೂಡಿಟ್ಟುಕೊಂಡಿದ್ದು! ಅಣ್ಣನ ಕುರ್ಚಿಗೋಸ್ಕರ ಸತ್ತ ತಮ್ಮನನ್ನ ಮಾರಿಬಿಟ್ಯಲ್ಲ! ಅತ್ತೆಯಂಥ ಅತ್ತೆಯೇ ಕರಗಿದ್ರು. ನೀನು…”

“ಬ್ರಿಜಿಡ್!” ಲೇಡಿ ಟ್ರಾಂಟ್ ಹಜಾರದ ಕುರ್ಚಿಯಿಂದ ಎದ್ದಳು. ಹುಟ್ಟಿದ ಮೇಲೆ ಮೊದಲ ಸಲ ಆಕೆಯ ಧ್ವನಿ ಏರಿತ್ತು. “ನಿನಗೆ ಗೊತ್ತಿಲ್ಲ. ಅವಳು ಯಾಕೆ…”

“ಅಮ್ಮಾ!” ಹೆಸ್ಟರ್ ತಾಯಿಯ ಮುಂಗೈ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಎಂದರೆ ಮುದುಕಿಯ ಮುಖ ನೋವಿನಿಂದ ಕಿವುಚಿತು. “ಅವರ ರೈಲಿಗೆ ಹೊತ್ತಾಗ್ತಾ ಇದೆ.”

ಮೇವ್ ಮಾತ್ರ ತಾಯಿಯ ಕೈ ಬಿಡಿಸಿಕೊಂಡು ಓಡಿಬಂದಳು. “ಹೆಸ್ಟರ್ ಅತ್ತೆ, ನೀನು ಯಾವಾಗ ಬರ್ತೀಯಾ? ಅಲ್ಲಿ ನಮ್ಮನೆ ಹಿಂದೇನೇ ಸಮುದ್ರ ಇದೆಯಂತೆ!”

ಹೆಸ್ಟರ್ ಬಗ್ಗಿ ಅವಳ ಕೋಟಿನ ಮೇಲಿನ ಗುಂಡಿ ಹಾಕಿದಳು. ಮುದ್ದಿಸಲು ಧೈರ್ಯ ಸಾಲಲಿಲ್ಲ. “ಅಮ್ಮ ಕರೀತಿದಾಳೆ, ಹೋಗು ಪುಟ್ಟಿ,” ಎಂದಷ್ಟೇ ಹೇಳಿದಳು. ಗಾಡಿ ಸಾಲುಗಟ್ಟಿದ ಜನರ ನಡುವೆ ದಾರಿ ಮಾಡಿಕೊಂಡು ಸ್ಟೇಷನ್ನಿನ ಕಡೆ ತಿರುಗುವವರೆಗೂ ಹೆಸ್ಟರ್ ಮತ್ತು ಲೇಡಿ ಟ್ರಾಂಟ್ ಬಾಗಿಲಲ್ಲೇ ನಿಂತಿದ್ದರು.

ಆ ಕಾನೂನು ಐರ್ಲೆಂಡಿನಲ್ಲಿ ಜಾರಿಯಾಗಲೇ ಇಲ್ಲ. ಜನ ಒಪ್ಪಲಿಲ್ಲ, ಚಳಿಗಾಲ ಬರುವಷ್ಟರಲ್ಲಿ ಯುದ್ಧವೇ ಮುಗಿಯಿತು. ಕಾಹಲ್ ತನ್ನೂರಿನಲ್ಲೇ ಉಳಿದ. ಡೆಸ್ಮಂಡ್ ಮುಂದಿನ ಚುನಾವಣೆಯಲ್ಲಿ ಸೋತು ಲಂಡನ್ನಿನಲ್ಲೇ ನೆಲೆಸಿದ. ಇನ್ನೊಂದು ಭಾಷಣ ಬರೆದುಕೊಡೆಂದು ಅವನು ಕೇಳಿದಾಗಲೆಲ್ಲ ಹೆಸ್ಟರ್, “ಆಗಲ್ಲ, ಡೆಸ್ಮಂಡ್,” ಎಂದಳು. ಕಾರಣ ಹೇಳಲಿಲ್ಲ. ಯಾರಿಗಾಗಿಯೂ, ತನಗಾಗಿಯೂ, ಅವಳು ಮತ್ತೆ ಬರೆಯಲಿಲ್ಲ.

ಮೂರು ವರ್ಷಗಳ ಮೇಲೆ ಬ್ರಿಜಿಡ್‌ಳ ಕಾದಂಬರಿ ಹೊರಬಂತು. ಡಬ್ಲಿನ್‌ನಲ್ಲಿ ಅದನ್ನು ಓದದವರೇ ಇರಲಿಲ್ಲ. ಟ್ರಾಂಟರ ಮನೆಗೆ ಟೀಗೆ ಬಂದ ಮಿಸೆಸ್ ಹ್ಯಾಲಿಡೇಗೆ ಅಂತೂ ತಡೆಯಲಾಗಲಿಲ್ಲ.

“ಆ ಅತ್ತೆಯ ಪಾತ್ರ ಎಷ್ಟು ಚೆನ್ನಾಗಿದೆ, ಲೇಡಿ ಟ್ರಾಂಟ್! ಕೊನೆಗೆ ಮಗುವನ್ನ ಬಿಟ್ಟುಕೊಡೋ ಕಡೆ ನಾನು ಅತ್ತೇಬಿಟ್ಟೆ. ಆದ್ರೆ ಆ ನಾದಿನಿ… ಅಬ್ಬಾ, ವಿಷ! ಹೆಸ್ಟರ್, ಇದೆಲ್ಲ ಸುಳ್ಳು ಅಂತ ನೀನು ಯಾಕೆ ಪೇಪರಿಗೆ ಬರೀಬಾರ್ದು?”

“ನಾನು ಓದಿದೀನಿ,” ಎಂದಳು ಹೆಸ್ಟರ್ ಟೀ ಬಗ್ಗಿಸುತ್ತ. “ನಾದಿನಿ ವಿಷಯದಲ್ಲಿ ಸುಳ್ಳೇನೂ ಇಲ್ಲ. ತುಂಬಾ ಚೆನ್ನಾಗಿ ಬರೆದಿದಾಳೆ. ಸಕ್ಕರೆ ಎಷ್ಟು ಹಾಕ್ಲಿ?”

ಅತಿಥಿ ಹೊರಟುಹೋದ ಮೇಲೆ ತಾಯಿ ಮಗಳಿಬ್ಬರೇ ಉಳಿದರು. ಲೇಡಿ ಟ್ರಾಂಟ್ ಈಗ ಬಹಳ ಕುಗ್ಗಿದ್ದಳು. ಕುರ್ಚಿಯಲ್ಲಿ ಆಕೆಯ ಪಕ್ಕ ಇನ್ನೊಬ್ಬರು ಕೂರಬಹುದಿತ್ತು.

“ಎಲ್ಲರ ಮುಂದೆ ನನ್ನನ್ನ ಒಳ್ಳೆಯವಳು ಮಾಡಿ ಕೂರಿಸಿದೀಯಲ್ಲ… ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ, ಹೆಸ್ಟರ್? ಇನ್ನೂ ಎಷ್ಟು ದಿನ? ಒಂದು ಮಾತು ಹೇಳಿಬಿಡ್ತೀನಿ ಅವಳಿಗೆ. ಸಾಯೋ ಮುಂಚೆ ಹೇಳಿಬಿಡ್ತೀನಿ.”

“ಮೇವ್ ನಿಮಗೆ ತಿಂಗಳು ತಿಂಗಳೂ ಕಾಗದ ಬರೀತಾಳಲ್ಲ, ಅಮ್ಮಾ,” ಹೆಸ್ಟರ್ ತಾಯಿಯ ಮಂಡಿಯ ಮೇಲಿನ ಶಾಲು ಸರಿಪಡಿಸಿದಳು. “ಅಜ್ಜಿ ಒಳ್ಳೆಯವಳು ಅಂತ ತಾನೇ ಬ್ರಿಜಿಡ್ ಬರೆಯೋಕೆ ಬಿಡ್ತಿರೋದು? ಹೇಳಿಬಿಟ್ರೆ ಅದೂ ನಿಲ್ಲತ್ತೆ. ಆಗ ಆ ಮಗು ಎಷ್ಟುದ್ದ ಆಗಿದೆ, ಏನು ಓದ್ತಿದೆ ಅಂತ ನಮಗೆ ಹೇಳೋರು ಯಾರು?”

ಮುದುಕಿ ಪಕ್ಕದ ಮೇಜಿನ ಮೇಲಿದ್ದ ಕಾಗದವನ್ನು ತೆಗೆದು ಮಗಳಿಗೆ ಚಾಚಿದಳು. ಅಂದು ಬೆಳಿಗ್ಗೆಯ ಅಂಚೆಯಲ್ಲಿ ಬಂದದ್ದು.

ಹೆಸ್ಟರ್ ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದು ಓದಿದಳು. ಕಾಹಲ್ ಮಾವನ ಹೊಸ ದೋಣಿ, ಕುಂಟುತ್ತಿದ್ದ ಕುರಿಮರಿ, ಶಾಲೆಯಲ್ಲಿ ಹೇಳಿದ ಪದ್ಯ, ಎಲ್ಲವೂ ಇತ್ತು. ಹೆಸ್ಟರ್ ಅತ್ತೆಯ ಹೆಸರು ಒಂದು ಕಡೆಯೂ ಇರಲಿಲ್ಲ. ಅವಳು ಕೊನೆಯವರೆಗೂ ಓದಿ, ಮತ್ತೆ ಮೊದಲಿನಿಂದ ಓದಿದಳು.

“ಅಕ್ಷರ ದುಂಡಗಾಗಿದೆ, ಅಲ್ವಾ ಅಮ್ಮಾ?” ಎಂದಳು.