ಮೂರನೇ ಅಂಕದ ಸ್ಟೂಲು

ನಾಟಕಶಾಲೆಯಲ್ಲಿ ಕಳ್ಳಿ ಸಿಕ್ಕಿಬಿದ್ದಳೆಂದು ವ್ಯವಸ್ಥಾಪಕ ಒತಾವಿಯೊ ಬೆಳಿಗ್ಗೆ ಹತ್ತಕ್ಕೇ ಬಿಷಿಗಾ ಬಡಾವಣೆಗೆಲ್ಲ ಕೇಳುವಂತೆ ಸಾರಿಬಿಟ್ಟಿದ್ದ. ಸಿಕ್ಕಿಬಿದ್ದವಳು ಇರಾಸಿಲ್ಡಾ. ಒಂಬತ್ತು ವರ್ಷದಿಂದ ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ಪರದೇಶದ ಪ್ರೇಕ್ಷಕರಿಗಾಗಿ ರಂಗದ ಮೇಲಿನ ತೆರೆಪಟ್ಟಿಯಲ್ಲಿ ಸಂಭಾಷಣೆಯ ಇಂಗ್ಲಿಷ್ ಸಾಲುಗಳನ್ನು ಮೂಡಿಸುತ್ತಿದ್ದವಳು. ಅವಳ ಚೀಲದಲ್ಲಿ ಅನ್ಸೆಲ್ಮೊ ಬರೆದ ನಾಟಕದ ಪೂರ್ತಿ ಇಂಗ್ಲಿಷ್ ಅನುವಾದ ಸಿಕ್ಕಿತ್ತು. ಅದು ತನ್ನದು, ತನ್ನ ಮೇಜಿನಿಂದ ಕದ್ದದ್ದು ಎಂದು ಒತಾವಿಯೊ ಹೇಳುತ್ತಿದ್ದ. ಅದನ್ನು ಅಚ್ಚು ಹಾಕಲು ಲಂಡನ್ನಿನಿಂದ ಬಂದಿದ್ದ ಪ್ರಕಾಶಕಿ ಮಿಸ್ ಹಾರ್ಗ್ರೀವ್ ಮಧ್ಯಾಹ್ನ ಒಪ್ಪಂದಕ್ಕೆ ಸಹಿ ಹಾಕಿಸುವವಳಿದ್ದಳು.

ಬಾಗಿಲು ಕಾಯುವ ಜುರಂದಿರ್ ಇರಾಸಿಲ್ಡಾಳನ್ನು ಕರೆದುಕೊಂಡು ನೇರ ಮೇಲಟ್ಟಕ್ಕೆ ಹತ್ತಿದ. ಅಲ್ಲಿ ವೇಷಭೂಷಣದ ರಾಶಿಯ ನಡುವೆ ಜುಲ್ಮಿರಾ ವಾಸವಾಗಿದ್ದಳು. ಮೂವತ್ತು ವರ್ಷದಿಂದ ನಟನಟಿಯರ ಬಟ್ಟೆ ಹೊಲಿದು, ಅವರ ಬಂಡವಾಳವನ್ನೆಲ್ಲ ತಿಳಿದಿದ್ದಳು. ಆ ಕಟ್ಟಡದಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವಳೇ ಪತ್ತೆ ಮಾಡುತ್ತಿದ್ದಳು, ಜುರಂದಿರ್ ಅವಳ ಬಲಗೈ. ಕೆಳಗೆ ಸೂಟು ತೊಟ್ಟು ಮೆರೆಯುವವರೆಲ್ಲ ಶುದ್ಧ ದಂಡಪಿಂಡಗಳೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಇರಾಸಿಲ್ಡಾ ನಡೆದದ್ದನ್ನು ಹೇಳಿದಳು. ಜೂನ್‌ನಿಂದ ರಜೆಯ ಸೋಮವಾರಗಳಲ್ಲೆಲ್ಲ ಕೂತು ಅನುವಾದ ಮುಗಿಸಿ, ಸೆಪ್ಟೆಂಬರಿನಲ್ಲಿ ಒಂದು ಪ್ರತಿಯನ್ನು ಒತಾವಿಯೊಗೆ ಓದಲು ಕೊಟ್ಟಿದ್ದಳಂತೆ. ಅವನು ತನ್ನ ಹೆಸರು ಹಾಕಿ ಲಂಡನ್ನಿಗೆ ಕಳಿಸಿದ್ದು ನಿನ್ನೆಯಷ್ಟೇ ಗೊತ್ತಾಗಿ, ತನ್ನ ಪ್ರತಿಯನ್ನು ಪ್ರಕಾಶಕಿಗೆ ತೋರಿಸಲು ತಂದಿದ್ದಳು.

"ಕೆಲ್ಸ ಹೋದ್ರೆ ಹೋಗ್ಲಿ ಅಕ್ಕಾ. ಇದು ನಾನು ಮಾಡಿದ್ದು ಅಂತ ಆ ಪುಸ್ತಕದಲ್ಲಿ ಇರ್ಬೇಕು, ಅಷ್ಟೇ."

ಜುಲ್ಮಿರಾಗೆ ಇಂಗ್ಲಿಷ್ ಬಾರದು. ಕೊನೆಯ ಪುಟದಲ್ಲಿ ಏನಿದೆ ಎಂದು ಕೇಳಿದಳು. ತಾಯಿ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಾಳೆ, ಮಗ ಮನೆ ಬಿಟ್ಟು ಹೋಗುವ ಸದ್ದು ಕೇಳಿದರೂ ಏಳುವುದಿಲ್ಲ ಎಂದಳು ಇರಾಸಿಲ್ಡಾ. ಆ ದೃಶ್ಯಕ್ಕೆ ಇಡೀ ಸಭಾಂಗಣ ಅಳುತ್ತಿತ್ತು. ಆ ಸ್ಟೂಲಿನ ಗೂಢಾರ್ಥದ ಬಗ್ಗೆ ಅನ್ಸೆಲ್ಮೊ ಎರಡು ಪತ್ರಿಕೆಗಳಲ್ಲಿ ಕೊರೆದಿದ್ದ.

ಜುಲ್ಮಿರಾ ದಾರ ಕಚ್ಚಿ ತುಂಡರಿಸಿ, ಅನುವಾದ ಯಾವಾಗ ಮಾಡಿದಿರೆಂದು ಒತಾವಿಯೊನನ್ನು ನಯವಾಗಿ ಕೇಳಿ ಬರಲು ಜುರಂದಿರನನ್ನು ಅಟ್ಟಿದಳು. ತಾಲೀಮಿಗೂ ಮೊದಲು, ಜನವರಿಯಲ್ಲಿ, ಉಬಾತೂಬಾದ ಕಡಲತೀರದಲ್ಲಿ ಕೂತು ಲೇಖಕನ ಮೂಲಪ್ರತಿಯಿಂದ ನೇರವಾಗಿ ಮಾಡಿದ್ದು ಎಂಬ ಉತ್ತರ ಬಂತು. ತಾಯಿಯ ಪಾತ್ರದ ದಾಲ್ವಾ ಅಷ್ಟರಲ್ಲಿ ಕೋಲೂರಿಕೊಂಡು ಕುಪ್ಪಸದ ಅಳತೆ ಕೊಡಲು ಬಂದಳು. ಮೇ ತಿಂಗಳಲ್ಲಿ ಪ್ರದರ್ಶನದ ಎರಡನೇ ವಾರ ಮೆಟ್ಟಿಲಿಂದ ಬಿದ್ದು ಮುರಿದ ಕಾಲು ಇನ್ನೂ ನೋಯುತ್ತಿದೆ ಎಂದು ಗೊಣಗಿದಳು. ಜುಲ್ಮಿರಾ ಸೂಜಿ ಕೆಳಗಿಟ್ಟು, ಕಚೇರಿಯ ಕಪಾಟಿನಿಂದ ನಾಟಕದ ಮೂಲಪ್ರತಿ ತರಿಸಿ, ಎಲ್ಲರನ್ನೂ ರಂಗದ ಮೇಲೆ ಸೇರಿಸಲು ಹೇಳಿದಳು.

ಮಿಸ್ ಹಾರ್ಗ್ರೀವ್ ಸಮೇತ ಎಲ್ಲರೂ ಕೂತ ಮೇಲೆ, ಅನುವಾದದಲ್ಲಿ ಯಾವ ಭಾಗ ಕಷ್ಟವಾಯಿತೆಂದು ಅವಳು ವಿನಯದಿಂದ ಕೇಳಿದಳು. ಒತಾವಿಯೊ ಕಾಲ ಮೇಲೆ ಕಾಲು ಹಾಕಿದ.

"ಆ ಸ್ಟೂಲು. ಮೂಲದಲ್ಲಿ ಅದನ್ನ ಓದಿದಾಗ ಕಡಲತೀರದಲ್ಲೇ ಅತ್ತುಬಿಟ್ಟೆ. ನಿಮ್ಮಂಥೋರಿಗೆ ಇದು ಅರ್ಥ ಆಗಲ್ಲ ಬಿಡಿ."

"ಎಲ್ಲಿಂದ ಆಗ್ಬೇಕು," ಎಂದು ಜುಲ್ಮಿರಾ ಮೂಲಪ್ರತಿಯ ಕೊನೆಯ ಹಾಳೆಯನ್ನು ಅನ್ಸೆಲ್ಮೊನ ಕೈಗಿತ್ತಳು. "ನೀವೇ ಗಟ್ಟಿಯಾಗಿ ಓದಿ."

ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ ಎಂದಿತ್ತು. ಸ್ಟೂಲಿನ ಸುದ್ದಿಯೇ ಇರಲಿಲ್ಲ. ಅನ್ಸೆಲ್ಮೊನ ಕಿವಿ ಕೆಂಪೇರಿತು.

"ನಾನೇ ಬರ್ದಿದ್ದೆ ಅಂದ್ಕೊಂಡಿದ್ದೆ," ಎಂದ.

ಜುಲ್ಮಿರಾ ಒಂದೊಂದಾಗಿ ಬಿಡಿಸಿಟ್ಟಳು. ಮೇ ತಿಂಗಳಲ್ಲಿ ದಾಲ್ವಾಳ ಕಾಲಿಗೆ ಪ್ಲಾಸ್ಟರ್ ಬಿದ್ದಾಗ, ನಿಲ್ಲಲಾಗದ ಅವಳಿಗೆಂದು ಹೊಲಿಗೆ ಸ್ಟೂಲನ್ನು ಎಳೆದುಕೊಟ್ಟವಳು ತಾನೇ. ಜನ ಅತ್ತರು, ಸ್ಟೂಲು ಅಲ್ಲೇ ಉಳಿಯಿತು. ಅದನ್ನು ಯಾವ ಪ್ರತಿಯಲ್ಲೂ ಯಾರೂ ಬರೆದುಕೊಳ್ಳಲಿಲ್ಲ. ಜನವರಿಯಲ್ಲಿ ಮೂಲಪ್ರತಿ ನೋಡಿ ಅನುವಾದ ಮಾಡಿದವನಿಗೆ ಆ ಸ್ಟೂಲು ಸಿಗುವುದು ಸಾಧ್ಯವೇ ಇರಲಿಲ್ಲ.

ಆಮೇಲೆ ನಾಟಕ ನೋಡಿ ಸೇರಿಸಿದೆ ಎಂದು ಒತಾವಿಯೊ ತೊದಲಿದ.

"ಈಗ್ತಾನೆ ಕಡಲತೀರದಲ್ಲಿ ಅತ್ರಲ್ಲ, ಅದು ಯಾವ ಸ್ಟೂಲಿಗೆ?" ಎಂದಳು ಜುಲ್ಮಿರಾ. "ಮೊದಲ ದಿನ ಬಿಟ್ರೆ ಮೂರನೇ ಅಂಕದ ಹೊತ್ತಿಗೆ ನೀವು ದಿನಾ ಎದುರುಗಡೆ ಬಾರಲ್ಲಿ ಇರ್ತೀರ. ಬಾಗಿಲು ತೆಗೆದು ಕಳಿಸೋನು ಜುರಂದಿರ್. ನೀವು ಮೂಲಾನೂ ಓದಿಲ್ಲ, ಸ್ಟೂಲು ಬಂದ್ಮೇಲೆ ನಾಟಕಾನೂ ನೋಡಿಲ್ಲ. ಇವಳು ಕೊಟ್ಟ ಇಂಗ್ಲಿಷ್ ಪ್ರತಿ ಒಂದನ್ನೇ ಓದಿದ್ದೀರ. ಗೂಡಲ್ಲಿ ಕೂತು ಆ ದೃಶ್ಯಾನ ದಿನಾ ನೋಡಿ ಸಾಲು ಹಾಕಿದೋಳು ಇವಳು."

ಒತಾವಿಯೊ ಬೆವರುವುದನ್ನು ಜುರಂದಿರ್ ಕಣ್ತುಂಬ ನೋಡಿದ.

ಮಿಸ್ ಹಾರ್ಗ್ರೀವ್ ಒಪ್ಪಂದದಲ್ಲಿದ್ದ ಒತಾವಿಯೊನ ಹೆಸರನ್ನು ಹೊಡೆದುಹಾಕಿದಳು. ಇರಾಸಿಲ್ಡಾ ಮುಖ ಮುಚ್ಚಿಕೊಂಡು ಅಳುತ್ತಿದ್ದುದರಿಂದ, ಈಕೆಯ ಪೂರ್ತಿ ಹೆಸರೇನೆಂದು ಉಳಿದವರನ್ನು ಕೇಳಿದಳು.

ಅನ್ಸೆಲ್ಮೊ ದಾಲ್ವಾಳ ಕಡೆ ನೋಡಿದ. ದಾಲ್ವಾ ಜುಲ್ಮಿರಾಳ ಕಡೆ ನೋಡಿದಳು. ಎಲ್ಲವನ್ನೂ ಬಲ್ಲ ಜುಲ್ಮಿರಾ ಜುರಂದಿರನ ಕಡೆ ತಿರುಗಿದಳು. ಒಂಬತ್ತು ವರ್ಷ ದಿನಾ ಅವಳಿಗೆ ಬಾಗಿಲು ತೆರೆದವನಿಗೂ ಅದು ಗೊತ್ತಿರಲಿಲ್ಲ. ಸೂಟು ತೊಟ್ಟವರನ್ನೆಲ್ಲ ಹೀಗಳೆಯುತ್ತಿದ್ದ ಅವನಿಗೆ ಈಗ ತನ್ನ ಮೇಲೇ ಹೇಸಿಗೆಯಾಯಿತು.

ಇರಾಸಿಲ್ಡಾ ಕಣ್ಣೊರೆಸಿಕೊಂಡು ಪೆನ್ನು ಕೇಳಿ ಪಡೆದಳು. ಅವರಲ್ಲಿ ಯಾರ ಮುಖವನ್ನೂ ನೋಡದೆ, ಬರೆಯುತ್ತ ಒಂದೊಂದೇ ಪದವಾಗಿ ಹೇಳಿದಳು.

"ಇರಾಸಿಲ್ಡಾ ಫೊಂತೆನೆಲಿ ಗುರ್ಜೆಲ್."